ಅಂ, ದ್ಯೋ, ತ್ರ್ವಾ ಆಮೇಲೆ ಆಗಲಿ, ಮೊದಲು ಏಳು ಹುಣಸೆ ಬೀಜ ಎಣಿಸಲಿ

ಫ್ರೆಂಚ್ ಭಾಷೆಯಲ್ಲಿ ಒಂದರಿಂದ ಹತ್ತರವರೆಗೆ ಪಟಪಟ ಹೇಳುವ ನಾಲ್ಕು ವರ್ಷದ ಮಗುವಿಗೆ ಎಣಿಸೋದು ಬರುತ್ತದೆಯೇ? ಬರುತ್ತದೆ ಎಂದು ಹೇಳುವ ಹಾಗಿಲ್ಲ. ಆ ಮಗುವಿಗೆ ಹತ್ತು ಶಬ್ದ ಬರುತ್ತದೆ, ಅಷ್ಟೇ. ಶಬ್ದ ಬೇರೆ, ಎಣಿಕೆ ಬೇರೆ. ಈ ಎರಡರ ವ್ಯತ್ಯಾಸ ಮುಚ್ಚಿಟ್ಟು ನಮ್ಮ ಹಳ್ಳಿಯ ತಂದೆತಾಯಿಗಳ ಜೇಬಿಗೆ ಕೈ ಹಾಕುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ಸುತ್ತಿ ಸುದ್ದಿ ಬರೆಯುವವರು ನಾವು. ಏಪ್ರಿಲ್, ಮೇ ಬಂತೆಂದರೆ ಅಡ್ಮಿಷನ್ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ಹಿಂದೆ 'ಇಂಗ್ಲಿಷ್ ಮೀಡಿಯಂ' ಎಂದು ಬರೆದರೆ ಸಾಕಿತ್ತು. ಈಗ ಅದು ಹಳೆಯದಾಯಿತು. ಒಂದು ಶಾಲೆಯ ಕರಪತ್ರ ನಮ್ಮ ಕೈಗೂ ಬಂತು. ಹೆಸರು ಬೇಡ. ಎಲ್‌ಕೆಜಿ ಮಕ್ಕಳಿಗೆ ಆಟದ ಮೂಲಕ ಫ್ರೆಂಚ್ ಎಣಿಕೆ ಕಲಿಸುತ್ತೇವೆ ಎಂದು ಅದರಲ್ಲಿತ್ತು. ವ್ಯಾನ್ ಫೀಸು, ಯೂನಿಫಾರಂ ಫೀಸಿನ ಜೊತೆ ಅದಕ್ಕೂ ಒಂದು ಫೀಸು.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಫ್ರೆಂಚ್ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಪಕ್ಕದ ಪಾಂಡವಪುರಕ್ಕೇ ಹಿಂದೆ 'ಫ್ರೆಂಚ್ ರಾಕ್ಸ್' ಎಂಬ ಹೆಸರಿತ್ತು. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ ಬಂದ ಹೆಸರು ಅದು. ಆಟದ ಮೇಲೂ ನಮಗೆ ಸಿಟ್ಟಿಲ್ಲ. ಆಡುತ್ತಾ ಕಲಿಸುವ ಪದ್ಧತಿ ಈ ರಾಜ್ಯದಲ್ಲಿ ಹುಟ್ಟಿದ್ದೇ ನಮ್ಮ ಕೋಟೆ ತಾಲ್ಲೂಕಿನಲ್ಲಿ. ಅದರ ಮಾತು ಮುಂದೆ ಬರುತ್ತದೆ. ನಮ್ಮ ತಕರಾರು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಬಗ್ಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಕುಲಾವಿ ಹೊಲಿದವನಿಗೆ ಮಾತ್ರ ಲಾಭ.

ಹೇಳೋದು ಬೇರೆ, ಎಣಿಸೋದು ಬೇರೆ

ಇವತ್ತು ಸಂಜೆ ಒಂದು ಕೆಲಸ ಮಾಡಿ. ತಟ್ಟೆಯಲ್ಲಿ ಹನ್ನೆರಡು ಹುಣಸೆ ಬೀಜ ಹಾಕಿ. ಮನೆಯಲ್ಲಿರುವ ನಾಲ್ಕು, ಐದು ವರ್ಷದ ಮಗುವನ್ನು ಪಕ್ಕ ಕೂರಿಸಿಕೊಂಡು, 'ನಂಗೆ ಏಳು ಬೀಜ ಕೊಡು ಕಂದ' ಅನ್ನಿ. ಒಂದೊಂದಾಗಿ ಎತ್ತಿ ಏಳಕ್ಕೆ ನಿಲ್ಲಿಸಿದರೆ ಮಗುವಿಗೆ ಏಳು ಗೊತ್ತು. ಒಂದು ಹಿಡಿ ಬಾಚಿ ಕೊಟ್ಟರೆ ಇನ್ನೂ ಗೊತ್ತಿಲ್ಲ. ಅದೇ ಮಗು 'ಒನ್, ಟೂ, ತ್ರೀ' ಎಂದು ನೂರರವರೆಗೆ ಹೇಳುತ್ತಿರಬಹುದು. ಆದರೂ ಏಳು ಅಂದರೆ ಎಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ.

ಎರಡನೇ ಪರೀಕ್ಷೆ. ಮಗು ಏಳು ಬೀಜ ಸರಿಯಾಗಿ ಎಣಿಸಿತು ಎನ್ನಿ. ಅದರ ಎದುರಿಗೇ ಆ ಬೀಜಗಳನ್ನು ಚೂರು ಹರಡಿ, 'ಈಗ ಎಷ್ಟಿವೆ?' ಎಂದು ಕೇಳಿ. ಎಣಿಸದೆ 'ಏಳು' ಅಂದರೆ ಗಟ್ಟಿಯಾಗಿದೆ. ಮತ್ತೆ ಮೊದಲಿನಿಂದ ಎಣಿಸಿದರೆ ಇನ್ನೂ ಹಣ್ಣಾಗಬೇಕು. ಮೂರನೆಯದು, 'ಇನ್ನೊಂದು ಹಾಕಿದರೆ ಎಷ್ಟಾಗುತ್ತೆ?' ಈ ಮೂರಕ್ಕೂ ಪುಸ್ತಕ ಬೇಡ, ಆ್ಯಪ್ ಬೇಡ, ಡೊನೇಷನ್ ಬೇಡ. ಮಗು ತಪ್ಪು ಹೇಳಿದರೆ ಗದರಬೇಡಿ. ಅದು ದಡ್ಡತನ ಅಲ್ಲ, ವಯಸ್ಸು.

ಇದು ನಾವು ಹುಟ್ಟಿಸಿದ ಪರೀಕ್ಷೆ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕರೆನ್ ವಿನ್ 1990ರಲ್ಲಿ ಪುಟ್ಟ ಮಕ್ಕಳಿಗೆ ಹೀಗೆಯೇ 'ಇಷ್ಟು ಕೊಡು' ಎಂದು ಕೇಳಿ ನೋಡಿದರು. ಬಾಯಲ್ಲಿ ಸರಾಗವಾಗಿ ಸಂಖ್ಯೆ ಹೇಳುವ ಮಕ್ಕಳೂ, ಕೊಡು ಎಂದಾಗ ಒಂದು ಹಿಡಿ ಬಾಚಿ ಕೊಡುತ್ತಿದ್ದರು. ಮಗುವಿಗೆ ಮೊದಲು 'ಒಂದು' ಅರ್ಥವಾಗುತ್ತದೆ. ತಿಂಗಳುಗಳ ನಂತರ 'ಎರಡು'. ಆಮೇಲೆ 'ಮೂರು'. ಅಲ್ಲಿಂದ ಮುಂದೆ ಒಂದು ದಿನ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದರ ಲೆಕ್ಕ ಎಂದು ಹೊಳೆಯುತ್ತದೆ. ಅದು ಹೊಳೆದ ದಿನ ಮಗು ಎಣಿಸಲು ಕಲಿಯಿತು.

ಅದಕ್ಕೂ ಮುಂಚೆ 1978ರಲ್ಲೇ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ವಿದ್ವಾಂಸರು ಎಣಿಕೆಯ ನಿಯಮಗಳನ್ನು ಬಿಡಿಸಿ ಬರೆದಿದ್ದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ. ಸಂಖ್ಯೆಗಳ ಸಾಲು ಯಾವಾಗಲೂ ಅದೇ. ಕೊನೆಯ ಸಂಖ್ಯೆಯೇ ಒಟ್ಟು. ಯಾವ ವಸ್ತುವನ್ನಾದರೂ ಎಣಿಸಬಹುದು. ಯಾವ ಕಡೆಯಿಂದ ಎಣಿಸಿದರೂ ಒಟ್ಟು ಬದಲಾಗದು. ಈ ಐದರಲ್ಲಿ ಸ್ಕೂಲ್ ಡೇ ವೇದಿಕೆಯ ಮೇಲೆ ಕಾಣುವುದು ಒಂದೇ, ಸಂಖ್ಯೆಗಳ ಸಾಲು. ಉಳಿದ ನಾಲ್ಕು ಬಂದಿವೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಮಗು ಮೈಕಿನ ಮುಂದೆ ಹೇಳಿತು, ನಾವು ಚಪ್ಪಾಳೆ ತಟ್ಟಿದೆವು, ವಿಡಿಯೋ ಸ್ಟೇಟಸ್‌ಗೆ ಹೋಯಿತು.

ಸಂಖ್ಯೆ ಹೆಸರಲ್ಲಿಲ್ಲ

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕಣದಲ್ಲಿ ಭತ್ತವನ್ನೋ ರಾಗಿಯನ್ನೋ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುವುದಿಲ್ಲ. 'ಲಾಭ' ಅನ್ನುತ್ತಾರೆ. ಆಮೇಲೆ ಎರಡು, ಮೂರು. 'ಲಾಭ' ಅಂದದ್ದಕ್ಕೆ ಯಾರ ಲೆಕ್ಕವೂ ತಪ್ಪಲಿಲ್ಲ. ಯಾಕೆಂದರೆ ಕೊಳಗ ಕಣ್ಣೆದುರಿಗೆ ಇತ್ತು. ವಸ್ತು ಇದ್ದರೆ ಹೆಸರು ಯಾವುದಾದರೂ ನಡೆಯುತ್ತದೆ. ವಸ್ತು ಇಲ್ಲದಿದ್ದರೆ ಎಂಥ ಹೆಸರೂ ಗಾಳಿಮಾತು.

ದನಗಳ ಜಾತ್ರೆಯಲ್ಲಿ ವ್ಯಾಪಾರ ನೋಡಿದ್ದೀರಿ. ಕೆ.ಆರ್. ನಗರದ ಕಡೆಯವರಿಗೆ ಚುಂಚನಕಟ್ಟೆ ಜಾತ್ರೆ ಇದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಜೋಡಿಯ ರೇಟು ಮುಗಿಸುವವರು ಬಾಯೇ ಬಿಡುವುದಿಲ್ಲ. ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಆದರೆ ಒಂದು ರೂಪಾಯಿ ಆಚೆ ಈಚೆ ಆಗುವುದಿಲ್ಲ. ಎರಡಹಲ್ಲು, ನಾಲ್ಕಹಲ್ಲು, ಆರಹಲ್ಲು ಎಂದು ಬಾಯಿ ನೋಡಿ ವಯಸ್ಸು ಹೇಳುವ ಅಜ್ಜ ಯಾವ ಎಲ್‌ಕೆಜಿಗೂ ಹೋದವರಲ್ಲ. ಅವರಿಗೆ ಎಣಿಕೆ ಬಂತು, ಯಾಕೆಂದರೆ ವಸ್ತು ಮುಟ್ಟಿ ಕಲಿತರು.

ಹಾಗಂತ ಶಾಲೆ ಬೇಡ ಎಂದು ನಾವು ಹೇಳುತ್ತಿಲ್ಲ. ಟವೆಲ್ಲಿನ ಲೆಕ್ಕ ಬರುವ ಅಜ್ಜನಿಗೆ ಬ್ಯಾಂಕಿನ ಪಾಸ್‌ಬುಕ್ ಓದಲು ಬರುವುದಿಲ್ಲ. ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲ್ ತೂಗಿ ಚೀಟಿ ಕೊಟ್ಟಾಗ, ಡೇರಿಯಲ್ಲಿ ಲೀಟರು, ಫ್ಯಾಟು ಬರೆದು ಕೊಟ್ಟಾಗ, ಸಾಲ ಕೊಟ್ಟ ಸಂಘದವರು ವಾರದ ಕಂತಿನ ಕಾರ್ಡು ಹಿಡಿದು ಬಾಗಿಲಿಗೆ ಬಂದಾಗ, ಬರೆದ ಅಂಕಿ ಅರ್ಥವಾಗದವರು ಮೋಸ ಹೋಗುತ್ತಾರೆ. ನಾಲ್ಕು ವರ್ಷದ ಮಗುವಿನ ಎಣಿಕೆ ಬರೀ ಶಾಲೆಯ ವಿಷಯ ಅಲ್ಲ. ಇಪ್ಪತ್ತು ವರ್ಷ ಆದಮೇಲೆ ಆ ಮನೆ ಎಷ್ಟು ಬಡ್ಡಿ ಕಟ್ಟುತ್ತದೆ ಎಂಬ ವಿಷಯವೂ ಹೌದು.

ಯಾವ ಭಾಷೆಯಲ್ಲಿ ಎಣಿಕೆ ಸುಲಭ?

ನಮ್ಮ ಕನ್ನಡದ ಸಂಖ್ಯೆಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಹನ್ನೊಂದು, ಹನ್ನೆರಡು, ಹದಿಮೂರು. ಮುಂದೆ ಹತ್ತು ಇದೆ, ಹಿಂದೆ ಒಂದು, ಎರಡು, ಮೂರು ಇದೆ. ಮೂರು ಹತ್ತು ಮೂವತ್ತು, ಐದು ಹತ್ತು ಐವತ್ತು, ಆರು ಹತ್ತು ಅರವತ್ತು. ಐವತ್ತಮೂರು ಎಂದರೆ 5 ಮುಂದೆ, 3 ಹಿಂದೆ. ಬಾಯಲ್ಲಿ ಹೇಳಿದ ಹಾಗೇ ಸ್ಲೇಟಿನ ಮೇಲೆ ಬರೆಯಬಹುದು. ಒಂಬತ್ತು, ತೊಂಬತ್ತು ಮಾತ್ರ ಸ್ವಲ್ಪ ಸೊಟ್ಟ. ಉಳಿದದ್ದೆಲ್ಲ ಉತ್ತ ಸಾಲಿನ ಹಾಗೆ ನೇರ.

ಇಂಗ್ಲಿಷ್ ಹಾಗಿಲ್ಲ. 'ಇಲೆವೆನ್', 'ಟ್ವೆಲ್ವ್' ಎಂಬಲ್ಲಿ ಹತ್ತು ಎಲ್ಲಿದೆ ಎಂದು ಮಗುವಿಗೆ ಕೇಳಿಸುವುದಿಲ್ಲ. 'ಥರ್ಟೀನ್' ಎಂದರೆ ಮೂರು ಮೊದಲು, ಹತ್ತು ಆಮೇಲೆ. ಬರೆಯುವಾಗ ಉಲ್ಟಾ. 'ಥರ್ಟೀನ್', 'ಥರ್ಟಿ', 'ಫಿಫ್ಟೀನ್', 'ಫಿಫ್ಟಿ' ದೊಡ್ಡವರಿಗೇ ಫೋನಿನಲ್ಲಿ ಗೊಂದಲ. ಚೀನಾದ ಮಕ್ಕಳನ್ನೂ ಅಮೆರಿಕದ ಮಕ್ಕಳನ್ನೂ ಹೋಲಿಸಿ ನೋಡಿದ ಸಂಶೋಧಕರಿಗೆ ಇದೇ ಕಂಡಿತ್ತು. ಹತ್ತರವರೆಗೆ ಇಬ್ಬರೂ ಸಮ. ಹನ್ನೊಂದು ದಾಟಿದ ಮೇಲೆ ಅಮೆರಿಕದ ಮಕ್ಕಳು ಎಡವುತ್ತಾರೆ. ಚೀನೀ ಭಾಷೆಯಲ್ಲಿ ಹನ್ನೊಂದು ಎಂದರೆ 'ಹತ್ತು ಒಂದು', ನಮ್ಮ ಹಾಗೇ ನೇರ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೇ ಅಲ್ಲಿ ಎಡವಿದರೆ, ಮನೆಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಕೇಳದ ನಮ್ಮ ಮಕ್ಕಳ ಕಥೆ ಏನು?

ಇನ್ನು ಫ್ರೆಂಚ್. ಹತ್ತರವರೆಗೆ ಚೆಂದ: ಅಂ, ದ್ಯೋ, ತ್ರ್ವಾ, ಕಾತ್ರ್, ಸ್ಯಾಂಕ್. ಮುಂದೆ ನೋಡಿ. ಎಪ್ಪತ್ತಕ್ಕೆ ಅವರು 'ಅರವತ್ತು ಹತ್ತು' ಅನ್ನುತ್ತಾರೆ. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು', ಅಂದರೆ ಕಾತ್ರ್ ವ್ಯಾಂ. ತೊಂಬತ್ತೊಂಬತ್ತು ಅವರಲ್ಲಿ 'ನಾಲ್ಕು ಇಪ್ಪತ್ತು ಹತ್ತು ಒಂಬತ್ತು'. ಪಕ್ಕದ ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಿನವರೇ ಎಪ್ಪತ್ತು, ತೊಂಬತ್ತಕ್ಕೆ ಈ ಪೀಕಲಾಟ ಬೇಡವೆಂದು ಬೇರೆ ಶಬ್ದ ಬಳಸುತ್ತಾರೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಇದು ಬಹಳ ಸೊಗಸಾದ ಲೆಕ್ಕದ ಪಾಠವಾಗಬಹುದು. ಹತ್ತು ಎಂದರೇನು ಎಂದು ಇನ್ನೂ ಗೊತ್ತಿಲ್ಲದ ಎಲ್‌ಕೆಜಿ ಮಗುವಿಗೆ ಅಲ್ಲ.

ಫ್ರಾನ್ಸಿನವರು ತಮ್ಮ ಮಕ್ಕಳಿಗೆ ಏನು ಮಾಡುತ್ತಾರೆ?

ಅಲ್ಲಿ 2019ರಿಂದ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ. ಶಿಶುಶಾಲೆಯಲ್ಲಿ ಮೂರು ವರ್ಷ. 2015ರ ಪಠ್ಯಕ್ರಮದಲ್ಲಿ ಅವರು ಇಟ್ಟುಕೊಂಡ ಗುರಿ ಎಷ್ಟು ಗೊತ್ತೇ? ಬಾಯಲ್ಲಿ ಮೂವತ್ತರವರೆಗೆ ಹೇಳಲಿ, ಆದರೆ ವಸ್ತುಗಳ ಜೊತೆ ಹತ್ತರವರೆಗೆ ಮಾತ್ರ. ಆ ಹತ್ತನ್ನು ಕೂಡಿಸಿ, ಬಿಡಿಸಿ, ಆಡಿ, ಗಟ್ಟಿ ಮಾಡಿಕೊಳ್ಳಲಿ ಎಂದು. ಅದೂ ಅವರ ಮಾತಿನಲ್ಲೇ. ಅಷ್ಟು ಸಿರಿವಂತ ದೇಶ ಹತ್ತಕ್ಕೆ ಇಷ್ಟು ಸಮಯ ಕೊಡುತ್ತದೆ. ನಮ್ಮ ಊರಿನ ಕಾನ್ವೆಂಟುಗಳು ಮೊದಲ ವರ್ಷವೇ ನೂರರವರೆಗೆ ಕಾಪಿ ಬರೆಸಿ, ಕೈ ನೋಯಿಸಿ ಕಳಿಸುತ್ತವೆ.

ಫ್ರೆಂಚ್ ಆಳಿದ ದೇಶಗಳ ಮಕ್ಕಳನ್ನೂ ನೋಡಿ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಬಹಳ ಮನೆಗಳ ಮಾತು ವೊಲೊಫ್. ಆ ಭಾಷೆಯಲ್ಲಿ ಆರಕ್ಕೆ 'ಐದು ಒಂದು', ಏಳಕ್ಕೆ 'ಐದು ಎರಡು' ಎನ್ನುತ್ತಾರೆ, ಕೈಬೆರಳ ಲೆಕ್ಕ. ಶಾಲೆಗೆ ಹೋದ ಕೂಡಲೇ ಎಲ್ಲವೂ ಫ್ರೆಂಚ್. ಮನೆಯ ಲೆಕ್ಕ ಮನೆಯಲ್ಲಿ, ಶಾಲೆಯ ಲೆಕ್ಕ ಶಾಲೆಯಲ್ಲಿ. ನಮಗೆ ಇಂಗ್ಲಿಷ್ ಹೇಗೋ ಅವರಿಗೆ ಫ್ರೆಂಚ್ ಹಾಗೆ. ಈಗ ಅಲ್ಲಿಯೇ ಮನೆಮಾತಿನಿಂದ ಶುರು ಮಾಡಿ ಆಮೇಲೆ ಫ್ರೆಂಚಿಗೆ ದಾಟಿಸುವ ಪ್ರಯೋಗಗಳು ನಡೆಯುತ್ತಿವೆ. ಅವರು ಬಿಟ್ಟು ಬರಲು ನೋಡುತ್ತಿರುವ ದಾರಿಗೆ ನಾವು ಫೀಸು ಕಟ್ಟಿ ಹೋಗುವುದೇ?

ಅಷ್ಟು ದೂರ ಬೇಡ ಎನ್ನುವವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ. 1960ರ ದಶಕದ ಶುರುವಿನಲ್ಲಿ ಊರು ಕಳೆದುಕೊಂಡು ಬಂದ ಟಿಬೆಟಿಯನ್ನರು ಅಲ್ಲಿ ನೆಲೆಸಿದರು. ತಮ್ಮ ಶಾಲೆಗಳಲ್ಲಿ ಚಿಕ್ಕ ತರಗತಿಗಳ ಪಾಠ ಟಿಬೆಟಿಯನ್ ಭಾಷೆಯಲ್ಲೇ ಇರಬೇಕು ಎಂಬುದು ಅವರ ನೀತಿ. ಇಂಗ್ಲಿಷ್ ಮಾಧ್ಯಮ ಮೇಲಿನ ತರಗತಿಗಳಿಗೆ. ದೇಶವೇ ಕೈಬಿಟ್ಟುಹೋದವರು ಮಕ್ಕಳ ಮೊದಲ ಮಾತು ಬಿಡಲಿಲ್ಲ. ದೇಶ, ಹೊಲ, ಮನೆ ಎಲ್ಲ ಇರುವ ನಾವು ಬಿಡಲು ತುದಿಗಾಲಲ್ಲಿ ನಿಂತಿದ್ದೇವೆ.

ಹಿತ್ತಲ ಗಿಡ ಮದ್ದಲ್ಲ

ಈಗ ಕೋಟೆಯ ಮಾತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಒಂದು ಕೆಲಸ ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿ ನೋಡಿ ಬಂದ ನಮ್ಮ ಸರ್ಕಾರಿ ಮೇಷ್ಟ್ರುಗಳು, ಟೀಚರುಗಳು ತಾವೇ ಕೂತು ಕಾರ್ಡು ಬರೆದರು. ಚಿತ್ರ ಅಂಟಿಸಿದರು. ಹಾಡು, ಕಥೆ, ಆಟ ಹೊಂದಿಸಿದರು. ಅದಕ್ಕೆ 'ನಲಿಕಲಿ' ಎಂಬ ಹೆಸರು ಬಂತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಅದು ಹೋಯಿತು.

ನಲಿಕಲಿ ಕೋಣೆಗೆ ಹೋದವರಿಗೆ ಗೊತ್ತು. ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಮಕ್ಕಳ ಎತ್ತರಕ್ಕೇ ಗೋಡೆಯಲ್ಲಿ ಕಪ್ಪು ಹಲಗೆ. ತಲೆಯ ಮೇಲೆ ದಾರ ಎಳೆದು ಮಾಡಿದ ಚಪ್ಪರದಲ್ಲಿ ಅವರದೇ ಚಿತ್ರ, ಬರಹ. ಗೋಡೆಯಲ್ಲಿ ಕಲಿಕೆಯ ಏಣಿ. ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು, ತನ್ನ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ. ಒಂದು ವಾರ ಹೊಗೆಸೊಪ್ಪು ಕಟ್ಟುವ ಕಾಲಕ್ಕೆ ಮಗು ತಪ್ಪಿಸಿಕೊಂಡರೂ, ಬಂದ ದಿನ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಕೂಲಿ ಮಾಡುವವರ, ವಲಸೆ ಹೋಗುವವರ, ಹಾಡಿಯವರ ಮಕ್ಕಳಿಗೆಂದೇ ಹೊಲಿದ ಅಂಗಿ ಅದು. ಕಲ್ಲು, ಬೀಜ, ಕಡ್ಡಿ ಇಟ್ಟು ಎಣಿಸುವುದು ಅದರ ಗಣಿತದ ಬುಡ.

ಇಂಥದ್ದು ನಮ್ಮ ಕೈಯಲ್ಲಿದೆ. ಆದರೆ 'ಗೌರ್ನಮೆಂಟ್ ಸ್ಕೂಲಲ್ಲಿ ಬರೀ ಆಟ ಆಡಿಸ್ತಾರೆ' ಎಂದು ಅಲ್ಲಿಂದ ಮಕ್ಕಳನ್ನು ಬಿಡಿಸಿದವರೇ, 'ಆಟದ ಮೂಲಕ ಫ್ರೆಂಚ್' ಎಂಬ ಫ್ಲೆಕ್ಸ್ ನೋಡಿ ಫೀಸು ಕಟ್ಟುತ್ತಾರೆ. ಪುಕ್ಕಟೆ ಸಿಕ್ಕಾಗ ಆಟ ಕೆಲಸಕ್ಕೆ ಬಾರದ್ದು, ದುಡ್ಡು ಕೊಟ್ಟಾಗ ಅದೇ ಆಟ ವಿದ್ಯೆ. ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ತಪ್ಪು ತಂದೆತಾಯಿಯದು ಮಾತ್ರ ಅಲ್ಲ. ನಲಿಕಲಿ ಸೊರಗಿದ್ದರಲ್ಲಿ ಸರ್ಕಾರದ ಪಾಲು ದೊಡ್ಡದು. 1, 2, 3ನೇ ತರಗತಿ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ್. ಆ ಟೀಚರಿಗೇ ಗಣತಿ, ಚುನಾವಣೆ, ಆನ್‌ಲೈನ್ ಎಂಟ್ರಿ. ಕಾರ್ಡು ಹರಿದರೆ ಹೊಸದು ಬರುವುದು ಯಾವಾಗಲೋ. ಮೊದಲು ಆ ಮೇಷ್ಟ್ರುಗಳು ತಮ್ಮ ಕೈಯಾರೆ ಮಾಡಿದ ಪದ್ಧತಿ, ಆಮೇಲೆ ಮೇಲಿನಿಂದ ಬಂದ ಆದೇಶವಾಯಿತು. ಕೈಯಾರೆ ನೆಟ್ಟ ಗಿಡಕ್ಕೆ ನೀರು ಹಾಕುವ ಹಾಗೆ ಆದೇಶಕ್ಕೆ ಯಾರು ನೀರು ಹಾಕುತ್ತಾರೆ?

ಆಟ ಆಡಿಸಿದರೆ ಸಾಕೇ?

ಸಾಲದು. ಇದನ್ನೂ ನಾವೇ ಹೇಳಬೇಕು, ಯಾಕೆಂದರೆ ಆಟದ ಹೆಸರಿನಲ್ಲಿ ಏನು ಮಾಡಿದರೂ ಒಳ್ಳೆಯದು ಎಂಬ ಭ್ರಮೆ ಇದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಎಸ್ತರ್ ಡುಫ್ಲೊ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಅವರು ಮತ್ತು ಅವರ ಜೊತೆಗಾರರು ದೆಹಲಿಯಲ್ಲಿ 'ಪ್ರಥಮ್' ಸಂಸ್ಥೆಯ 214 ಶಿಶುಶಾಲೆಗಳಲ್ಲಿ ಗಣಿತದ ಆಟ ಆಡಿಸಿ ನೋಡಿದರು. 2017ರಲ್ಲಿ ಅದರ ವರದಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮಕ್ಕಳಿಗೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಅಂದಾಜು ಚುರುಕಾಯಿತು, ವರ್ಷ ಕಳೆದರೂ ಉಳಿಯಿತು. ಆದರೆ ಒಂದನೇ ತರಗತಿಗೆ ಹೋದಾಗ ಶಾಲೆಯ ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದೆ ಇರಲಿಲ್ಲ.

ಇದರಿಂದ ನಾವು ತಿಳಿದುಕೊಂಡದ್ದು ಇಷ್ಟು. ಆಟದಲ್ಲಿ ವಸ್ತು, ಅದರ ಹೆಸರು, ಬರೆದ ಅಂಕಿ, ಈ ಮೂರೂ ಒಟ್ಟಿಗೆ ಬರಬೇಕು. ಏಳು ಬೀಜ, 'ಏಳು' ಎಂಬ ಮಾತು, 7 ಎಂಬ ಅಂಕಿ. ಬರೀ ಬೀಜ ಆಡಿದರೆ ಶಾಲೆಯ ಲೆಕ್ಕ ಬರುವುದಿಲ್ಲ. ಬರೀ ಮಾತು ಹೇಳಿಸಿದರೆ ಯಾವ ಲೆಕ್ಕವೂ ಬರುವುದಿಲ್ಲ. ಕರಪತ್ರದ ಫ್ರೆಂಚ್ ಆಟದಲ್ಲಿ ಇರುವುದು ಈ ಮೂರರಲ್ಲಿ ಒಂದೇ, ಮಾತು. ಅದೂ ಮಗುವಿಗೆ ಗೊತ್ತಿಲ್ಲದ ಮಾತು.

ಕನ್ನಡ ಕನ್ನಡ ಎನ್ನುವವರಿಗೂ ಒಂದು ಮಾತು

ಇಲ್ಲಿಯವರೆಗೆ ಓದಿ ಖುಷಿಪಟ್ಟ ಕನ್ನಡದ ಅಭಿಮಾನಿಗಳು ಸ್ವಲ್ಪ ತಾಳಿ. ಹುಣಸೂರು, ಕೋಟೆ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಎರವರು ಇದ್ದಾರೆ. ಜೇನುಕುರುಬರ ಮಾತು ಕನ್ನಡಕ್ಕೆ ಹತ್ತಿರ, ಆದರೆ ಪಠ್ಯಪುಸ್ತಕದ ಕನ್ನಡ ಅಲ್ಲ. ಎರವರ ಮಾತು ಮಲಯಾಳಕ್ಕೆ ಹತ್ತಿರ. ಆ ಮಗು ಒಂದನೇ ತರಗತಿಗೆ ಬಂದ ದಿನ ಮೇಷ್ಟ್ರ ಕನ್ನಡ ಅದಕ್ಕೆ ಅರ್ಧ ಪರಭಾಷೆ. ಮಗು ಸುಮ್ಮನೆ ಕೂರುತ್ತದೆ. 'ಹಾಡಿ ಮಕ್ಕಳಿಗೆ ತಲೆಗೆ ಹತ್ತಲ್ಲ' ಎಂದು ಮೇಷ್ಟ್ರು ಬರೆದುಕೊಳ್ಳುತ್ತಾರೆ. ಆಮೇಲೆ ಮಗು ಬರುವುದು ನಿಲ್ಲುತ್ತದೆ.

ಫ್ರೆಂಚ್ ನಮ್ಮ ಮಗುವಿನ ತಲೆ ಮೇಲೆ ಹೇರಿದರೆ ಅನ್ಯಾಯ ಎನ್ನುವವರು, ನಮ್ಮ ಕನ್ನಡವನ್ನು ಹಾಡಿಯ ಮಗುವಿನ ಮೇಲೆ ಮೊದಲ ದಿನವೇ ಹೇರುವುದು ಅನ್ಯಾಯ ಎಂದೂ ಒಪ್ಪಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು, ಸಾಧ್ಯವಾದಷ್ಟು ಮಟ್ಟಿಗೆ ಪಾಠ ಮಗುವಿನ ಮಾತೃಭಾಷೆಯಲ್ಲಿ ಇರಬೇಕು ಎನ್ನುತ್ತದೆ. ರಾಜ್ಯಭಾಷೆ ಎನ್ನುವುದಿಲ್ಲ. ಹಾಡಿಯಲ್ಲೇ ಹುಟ್ಟಿ ಓದಿದ ಹುಡುಗ ಹುಡುಗಿಯರನ್ನು ಹಾಡಿಯ ಅಂಗನವಾಡಿಗೆ, ಆಶ್ರಮ ಶಾಲೆಯ ಮೊದಲ ತರಗತಿಗಳಿಗೆ ತಂದರೆ ಮೊದಲ ಎಣಿಕೆ ಮನೆಮಾತಿನಲ್ಲಿ ಆಗುತ್ತದೆ. ದೊಡ್ಡ ಯೋಜನೆ ಬೇಡ, ಒಂದು ನೇಮಕಾತಿ ಆದೇಶ ಸಾಕು.

'ಹಂಗಾದ್ರೆ ಇಂಗ್ಲಿಷ್ ಬೇಡ್ವಾ?'

ಈ ಪ್ರಶ್ನೆ ಎಲ್ಲ ಊರಿನಲ್ಲೂ ಬರುತ್ತದೆ. ನಮ್ಮ ಉತ್ತರ: ಬೇಕು. ಇಂಗ್ಲಿಷ್ ಇಲ್ಲದೆ ಮೈಸೂರು, ಬೆಂಗಳೂರಿನಲ್ಲಿ ಏನಾಗುತ್ತದೆ ಎಂದು ಹಳ್ಳಿಯ ಹುಡುಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಸರ್ಕಾರಿ ಶಾಲೆಯಲ್ಲಿ 2007-08ರಿಂದಲೇ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವೂ ಬಂತು. ನಲಿಕಲಿಯಲ್ಲೂ ಇಂಗ್ಲಿಷಿಗೆ ಪುಸ್ತಕ ಇದೆ. ಖಾಸಗಿ ಶಾಲೆಗಳಿಗಂತೂ 1ರಿಂದ 4ನೇ ತರಗತಿಯವರೆಗೆ ಮಾತೃಭಾಷೆ ಕಡ್ಡಾಯ ಮಾಡುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದೇ ತೀರ್ಪು ಕೊಟ್ಟಿದೆ. ಆದ್ದರಿಂದ ಇನ್ನು ಕಾನೂನಿನ ಮೇಲೆ ಭಾರ ಹಾಕಿ ಕೂರುವುದಕ್ಕಾಗದು. ಕೇಳಬೇಕಾದವರು ನಾವೇ, ನೀವೇ.

ಇಂಗ್ಲಿಷ್ ಭಾಷೆಯಾಗಿ ಕಲಿಯಲಿ. ಹಾಡು, ಆಟ, ಕಥೆ ಎಲ್ಲ ಇರಲಿ. ಎಣಿಕೆಯನ್ನು ಮಾತ್ರ ಮಗು ಕನಸು ಕಾಣುವ ಮಾತಿನಲ್ಲಿ ಮೊದಲು ಕಲಿಯಲಿ. ಏಳು ಎಂದರೇನು ಎಂದು ಒಮ್ಮೆ ಗೊತ್ತಾದ ಮಗುವಿಗೆ 'ಸೆವೆನ್' ಕಲಿಸಲು ಕಷ್ಟವಿಲ್ಲ. 'ಸೆತ್' ಎಂಬ ಫ್ರೆಂಚ್ ಶಬ್ದಕ್ಕೂ ಅಷ್ಟೇ. ಯಾಕೆಂದರೆ ಆಗ ಕಲಿಯಬೇಕಾದ್ದು ಹೊಸ ಹೆಸರು ಮಾತ್ರ. ಮನೆಯಲ್ಲಿ ದೀಪ ಇದ್ದರೆ ಅದಕ್ಕೆ ಎಷ್ಟು ಭಾಷೆಯ ಹೆಸರು ಬೇಕಾದರೂ ಇಡಿ. ದೀಪವೇ ಇಲ್ಲದೆ ಬರೀ ಹೆಸರು ಕೂಗಿದರೆ ಕತ್ತಲೆ ಹೋಗುತ್ತದೆಯೇ?

ಯಾರಾದರೂ ನಿಜಕ್ಕೂ ಮಕ್ಕಳಿಗೆ ಫ್ರೆಂಚ್ ಎಣಿಕೆ ಆಟದಲ್ಲಿ ಕಲಿಸಬೇಕೆಂದರೆ ಅದಕ್ಕೂ ದಾರಿ ನಮ್ಮಲ್ಲೇ ಇದೆ. ಎರಡನೇ, ಮೂರನೇ ತರಗತಿ ಆಗಲಿ. ಅಳಗುಳಿ ಮಣೆಯ ಹದಿನಾಲ್ಕು ಗುಳಿಗೆ ಬೀಜ ಹಾಕುತ್ತಾ ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಎಣಿಸಲಿ. ಚೌಕಾಬಾರದ ನಾಲ್ಕು ಕವಡೆಯೂ ಬಾಯಿ ಮೇಲೆ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಕವಡೆ ನೋಡಿದ ಕೂಡಲೇ ಎಣಿಸದೆ 'ಮೂರು' ಎನ್ನುವ ಮಗು ಕಾಯಿಯನ್ನು ಮೂರು ಮನೆ ನಡೆಸುವಾಗ 'ಅಂ, ದ್ಯೋ, ತ್ರ್ವಾ' ಎಂದರೆ ನಾವೂ ಜೊತೆಗೆ ಕೂತು ಆಡುತ್ತೇವೆ. ಕುಂಟಬಿಲ್ಲೆಯ ಮನೆಗಳಿಗೆ ಬೈಲಕುಪ್ಪೆಯವರ 'ಚಿಗ್, ಞೀ, ಸುಮ್' ಬರೆದರೆ ಇನ್ನೂ ಒಳ್ಳೆಯದು. ಆ ಮಾತಾಡುವ ಜನ ಪಕ್ಕದಲ್ಲೇ ಇದ್ದಾರೆ. ಮಕ್ಕಳು ಭಾಷೆ ಬೇಗ ಕಲಿಯುತ್ತಾರೆ ನಿಜ. ಆದರೆ ಕಲಿಯುವುದು ಮಾತಾಡುವವರಿಂದ, ವಾರಕ್ಕೊಂದು ಹಾಡಿನಿಂದ ಅಲ್ಲ.

ಏನು ಕೇಳಬೇಕು?

ಅಡ್ಮಿಷನ್‌ಗೆ ಹೋದಾಗ 'ಎಷ್ಟು ಭಾಷೆ ಹೇಳಿಕೊಡ್ತೀರಾ' ಎಂದು ಕೇಳಬೇಡಿ. ಎಲ್‌ಕೆಜಿ ಕೋಣೆಯೊಳಗೆ ಬಿಡಿ ಎಂದು ಕೇಳಿ. ಕಲ್ಲು, ಬೀಜ, ಮಣಿ, ಕಡ್ಡಿ ಮಕ್ಕಳ ಕೈಗೆ ಎಟುಕುವ ಹಾಗೆ ಇವೆಯೇ ನೋಡಿ. ಬರೀ ಪ್ಲಾಸ್ಟಿಕ್ ಚಾರ್ಟು ಗೋಡೆಯ ಮೇಲಿದ್ದರೆ ಅದು ಅಂಗಡಿ, ಶಾಲೆ ಅಲ್ಲ. 'ನಮ್ಮ ಮಗು ಏಳು ಬೀಜ ಎಣಿಸಿ ಕೊಡುವುದು ಯಾವ ತಿಂಗಳೊಳಗೆ?' ಎಂದು ಮಿಸ್ಸನ್ನು ಕೇಳಿ. ಉತ್ತರ ಇಲ್ಲದಿದ್ದರೆ ಮುಂದಿನ ಶಾಲೆಗೆ ನಡೆಯಿರಿ.

ಸರ್ಕಾರಿ ಶಾಲೆಗೆ ಮಗುವನ್ನು ಕಳಿಸುವವರು ಎಸ್‌ಡಿಎಂಸಿ ಸಭೆಗೆ ಹೋಗಿ. ನಲಿಕಲಿ ಕಾರ್ಡು ಪೂರ್ತಿ ಇವೆಯೇ, ಮೂರು ತರಗತಿಗೆ ಎಷ್ಟು ಟೀಚರ್, ಈ ವರ್ಷ ಎಷ್ಟು ದಿನ ಅವರನ್ನು ಬೇರೆ ಕೆಲಸಕ್ಕೆ ಕಳಿಸಿದಿರಿ, ಈ ಮೂರು ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಉತ್ತರ ಬಾರದಿದ್ದರೆ ಅದರ ನಕಲು ಹಿಡಿದು ಬಿಇಓ ಆಫೀಸಿಗೆ ಹೋಗಿ. ಅಲ್ಲೂ ಉತ್ತರ ಸಿಗದಿದ್ದರೆ ನಮಗೆ ಕಳಿಸಿ, ಬರೆಯುವುದು ನಮ್ಮ ಕೆಲಸ.

ಶಿಕ್ಷಣ ಇಲಾಖೆಗೆ ನಮ್ಮ ಒತ್ತಾಯ ಇಷ್ಟೇ. ನಲಿಕಲಿ ಹುಟ್ಟಿದ ಕೋಟೆ ತಾಲ್ಲೂಕಿನಲ್ಲೇ ಮೊದಲು ಅದನ್ನು ಸರಿಮಾಡಿ. 1ರಿಂದ 3ನೇ ತರಗತಿಗೆ ಒಬ್ಬ ಟೀಚರ್ ಎಂಬ ಲೆಕ್ಕ ಬಿಡಿ. ಕಾರ್ಡು ಮಾಡುವ ಕೆಲಸ ಮತ್ತೆ ಊರಿನ ಮೇಷ್ಟ್ರುಗಳ ಕೈಗೆ ಕೊಡಿ. ಹಾಡಿಗಳಿಗೆ ಹಾಡಿಯವರನ್ನೇ ನೇಮಿಸಿ. ಎಣಿಸಲು ಬರುವ ಮಕ್ಕಳು ಮುಂದೆ ಬೇಕಾದ ಭಾಷೆ ತಾವೇ ಆರಿಸಿಕೊಳ್ಳುತ್ತಾರೆ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಳ್ಳುವ ಅವಕಾಶ ಈ ರಾಜ್ಯದಲ್ಲಿ ಈಗಲೂ ಇದೆ. ಹುಣಸೂರಿನ ಹುಡುಗಿಯೊಬ್ಬಳು ಅದನ್ನು ತೆಗೆದುಕೊಂಡು, ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು' ಎಂದು ಯಾಕೆ ಹೇಳುತ್ತಾರೆ ಎಂದು ಮೇಷ್ಟ್ರನ್ನೇ ತಿರುಗಿಸಿ ಕೇಳುವ ದಿನ ಬರಲಿ. ಆ ಪ್ರಶ್ನೆ ಕೇಳಲು ಅವಳಿಗೆ ಇಪ್ಪತ್ತು ಗೊತ್ತಿರಬೇಕು, ನಾಲ್ಕು ಗೊತ್ತಿರಬೇಕು.